ಜಗಳೂರು ಮನೆಯ ನಾಲ್ಕು ಕದದ ಕಿಟಕಿ

ಜಗಳೂರಿನ ಆ ಬಾಡಿಗೆ ಮನೆಯ ಕಿಟಕಿ ತಾನಾಗಿ ಕೆಟ್ಟಿದ್ದು ಎರಡೇ ಸಲ. ಉಳಿದದ್ದೆಲ್ಲ ನಾನು ಕೆಡಿಸಿದ್ದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಯವರೆಗೆ ಹೊಟ್ಟೆಯಲ್ಲಿಟ್ಟುಕೊಂಡು ಹೇಳುವ ಜಾಣತನ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಮೂವತ್ತೆರಡು. ನ್ಯಾಮತಿಯಲ್ಲಿ ಹುಟ್ಟಿ, ಹೊನ್ನಾಳಿಯಲ್ಲಿ ಓದಿ, ಹೊಳೆಯ ಗಾಳಿ ಕುಡಿದುಕೊಂಡು ಆ ಕಡೆಯ ಶಾಲೆಯಲ್ಲೇ ಪಾಠ ಮಾಡಿಕೊಂಡಿದ್ದವಳನ್ನು ಜಗಳೂರಿಗೆ ವರ್ಗ ಮಾಡಿದರು. ಅಪ್ಪ ತೀರಿಕೊಂಡಿದ್ದರು. ಅವ್ವ ಅಣ್ಣನ ಮನೆಯಲ್ಲಿದ್ದಳು. ನನ್ನನ್ನು ನೋಡಲು ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ‘ಊರಿಗೆ ಹೋಗಿ ಕಾಗದ ಬರೀತೀವಿ’ ಎಂದು ಹೋದವರು ಹೋದರು. ಉಪ್ಪಿಟ್ಟು ಚೆನ್ನಾಗಿಯೇ ಇರುತ್ತಿತ್ತು, ಅದನ್ನಂತೂ ಖಂಡಿತ ಹೇಳಬಲ್ಲೆ.

ಜಗಳೂರಿನಲ್ಲಿ ಹೆಣ್ಣು ಮೇಷ್ಟ್ರನ್ನು ‘ಅಕ್ಕೋರು’ ಎನ್ನುತ್ತಿದ್ದರು. ಬೀದಿಯಲ್ಲಿ ಹೋದರೆ ಕೂತವರು ಏಳುತ್ತಿದ್ದರು, ಅಂಗಡಿಯಲ್ಲಿ ಮೊದಲು ನನಗೇ ತೂಕ ಹಾಕುತ್ತಿದ್ದರು. ಆದರೆ ಯಾರೂ ಮಾತಾಡುತ್ತಿರಲಿಲ್ಲ. ಮರ್ಯಾದೆ ಕೊಡುವವರ ಜೊತೆ ಹರಟೆ ಹೊಡೆಯಲು ಬರುವುದಿಲ್ಲ. ನನ್ನ ಶಾಲೆಯ ಉಳಿದ ಮೇಷ್ಟ್ರುಗಳು ದಾವಣಗೆರೆಯಿಂದ ಓಡಾಡುವವರು, ಸಂಜೆ ಬಸ್ಸು ಬಂತೆಂದರೆ ಶಾಲೆ ಖಾಲಿ. ಶನಿವಾರ ಬೆಳಗಿನ ಶಾಲೆ ಮುಗಿಸಿ ಮನೆಗೆ ಬಂದು ಬೀಗ ತೆಗೆದರೆ, ಸೋಮವಾರದವರೆಗೆ ನಾನು ಬಾಯಿ ಬಿಡುತ್ತಿದ್ದದ್ದು ಊಟಕ್ಕೆ ಮಾತ್ರ. ಸೋಮವಾರ ಬೆಳಿಗ್ಗೆ ಹಾಜರಿ ಕೂಗುವಾಗ ಮೊದಲ ನಾಲ್ಕೈದು ಹೆಸರಿಗೆ ಗಂಟಲು ಏಳುತ್ತಿರಲಿಲ್ಲ. ಮಕ್ಕಳು ನನಗೆ ನೆಗಡಿ ಎಂದುಕೊಂಡಿದ್ದರು.

ಮನೆ ಎಂದರೆ ಎರಡು ಕೋಣೆ, ಬೀದಿಗೆ ಒಂದೇ ಕಿಟಕಿ. ಹಳೆಯ ಕಾಲದ ನಾಲ್ಕು ಕದದ ಕಿಟಕಿ ಅದು. ಮೇಲೆ ಎರಡು ಕದ, ಕೆಳಗೆ ಎರಡು, ಆಚೆ ಕಡೆ ಕಬ್ಬಿಣದ ಸರಳು. ಮೇಲಿನ ಕದ ತೆಗೆದರೆ ಬೆಳಕು ಬರುತ್ತದೆ, ಆಕಾಶ ಕಾಣುತ್ತದೆ. ಕೆಳಗಿನ ಕದ ತೆಗೆದರೆ ಕೂತವರಿಗೆ ಬೀದಿ ಕಾಣುತ್ತದೆ, ಬೀದಿಗೆ ಕೂತವರು ಕಾಣುತ್ತಾರೆ. ಆ ಊರಿನಲ್ಲಿ ಹೆಂಗಸರ ಹಗಲೆಲ್ಲ ಕೆಳಗಿನ ಕದದ ಹತ್ತಿರವೇ ಕಳೆಯುತ್ತಿತ್ತು. ಅಕ್ಕಿ ಆರಿಸುವುದೂ ಅಲ್ಲೇ, ಹೋಗಿ ಬರುವವರನ್ನು ‘ಎಲ್ಲಿಗೆ ಹೊಂಟ್ರಿ’ ಎಂದು ಕೇಳುವುದೂ ಅಲ್ಲೇ. ನನ್ನ ಮನೆಯ ಕೆಳಗಿನ ಎರಡು ಕದಗಳಿಗೆ ಮಾತ್ರ ಅಡ್ಡಪಟ್ಟಿ ಇಟ್ಟು ಮೊಳೆ ಹೊಡೆದಿತ್ತು.

“ಒಬ್ರೇ ಇರೋರು ಅಕ್ಕೋರೆ, ಕೆಳಗಿಂದು ತೆಗಿಯಾಕೆ ಹೋಗಬ್ಯಾಡ್ರಿ. ನಾಕು ಮಂದಿ ನಾಕು ಥರ ಅಂತಾರೆ,” ಎಂದಿದ್ದಳು ಪಕ್ಕದಲ್ಲೇ ಇದ್ದ ಮನೆಯೊಡತಿ. ನಾಲ್ಕು ಮಂದಿ ಒಂದು ಥರವೂ ಅನ್ನುತ್ತಿರಲಿಲ್ಲವಲ್ಲ ಎಂದು ನನಗೆ ಸಂಕಟ. ಆದರೆ ಅಕ್ಕೋರು ಅಂಥ ಮಾತು ಹೇಳಬಾರದು.

ಬಂದ ವರ್ಷದ ಆಷಾಢದಲ್ಲಿ ಮೇಲಿನ ಎಡಗಡೆಯ ಕದ ಕೈಕೊಟ್ಟಿತು. ಜಗಳೂರಿನ ಆಷಾಢದಲ್ಲಿ ಮಳೆ ಕಡಿಮೆ, ಗಾಳಿಯೇ ಎಲ್ಲ. ಕೆಳಗಿನ ತುದಿ ಗೆದ್ದಲು ತಿಂದು ಪುಡಿಯಾಗಿತ್ತು. ಗಾಳಿ ಬಂದಾಗಲೆಲ್ಲ ಆ ಕದ ಚೌಕಟ್ಟಿಗೆ ಬಡಿದು ಬಡಿದು, ನಾನು ಮಡಚಿ ತುರುಕಿದ ಹಳೆಯ ಪರೀಕ್ಷೆ ಪೇಪರುಗಳನ್ನೆಲ್ಲ ಉದುರಿಸುತ್ತಿತ್ತು. ಮನೆಯೊಡತಿಗೆ ಹೇಳಿದೆ. ಮುಂದಿನ ಭಾನುವಾರ ಆಚಾರ್ರು ಬಂದರು.

ಅರವತ್ತು ದಾಟಿದ ಬಡಗಿ. ಬಿಳಿ ಅಂಗಿ, ಮೊಣಕಾಲಿಗೆ ಬರುವ ಪಂಚೆ, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್ಲು, ಗೋಣಿ ಚೀಲದಲ್ಲಿ ಉಳಿ, ಬಾಚಿ, ಗರಗಸ. ಬಾಗಿಲು ಪೂರ್ತಿ ತೆರೆದೇ ಇತ್ತು, ಮನೆಯೊಡತಿ ಜಗಲಿಯ ಮೇಲೆ ಕಾವಲಿಗೆ ಕೂತಿದ್ದಳು. ಆಚಾರ್ರು ಕದವನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟರು. ಮೇಲೆ ಕುಟ್ಟಿದರು, ನಡುವೆ ಕುಟ್ಟಿದರು, ಕೆಳಗೆ ಕುಟ್ಟಿದರು.

“ಇದು ಹೋಗೈತ್ರಿ. ಹೊಸ ಕದನೇ ಮಾಡಬೇಕು. ಇಲ್ಲಿ ಮರ ಕೊಳಿಯಂಗಿಲ್ಲ ಅಕ್ಕೋರೆ, ಒಣಗತೈತೆ ಇಲ್ಲಾ ಹುಳ ತಿಂತೈತೆ. ಕೊಳಿಯಾಕೆ ನೀರು ಎಲ್ಲೈತೆ ಈ ಊರಾಗೆ?”

ನಾನು ಹೊನ್ನಾಳಿಯ ಮಾತು ತೆಗೆದೆ. ಮಳೆಗಾಲದಲ್ಲಿ ಅಲ್ಲಿ ಕದಗಳು ಉಬ್ಬಿ, ಮುಚ್ಚಬೇಕೆಂದರೆ ಇಬ್ಬರು ಭುಜ ಕೊಡಬೇಕಿತ್ತು ಎಂದೆ. ಆಚಾರ್ರ ಮುಖ ಅರಳಿತು. ಅವರು ಹರೆಯದಲ್ಲಿ ಎರಡು ವರ್ಷ ಹೊನ್ನಾಳಿಯಲ್ಲಿ ಕೆಲಸ ಮಾಡಿದ್ದರಂತೆ. ಹೊಳೆಯ ಕಡೆಯ ಗೋಡೆಗೆ ಕಿಟಕಿ ಮಾಡುವಾಗ ಕದಗಳ ನಡುವೆ ಬೆರಳು ಹೋಗುವಷ್ಟು ಸಂದಿ ಬಿಡಬೇಕು, ಮಳೆಗಾಲದಲ್ಲಿ ತಾನೇ ತುಂಬಿಕೊಳ್ಳುತ್ತದೆ ಎಂದರು. ಮಾತಾಡುತ್ತಾ ಕೆಲಸ ಮಾಡುವವರು ಅವರು. ಕೈ ನಿಲ್ಲುತ್ತಿರಲಿಲ್ಲ, ಬಾಯೂ ನಿಲ್ಲುತ್ತಿರಲಿಲ್ಲ. ನಾನು ಒಗ್ಗರಣೆ ಮಂಡಕ್ಕಿ ಮಾಡಿದೆ, ಚಹಾ ಕೊಟ್ಟೆ. ಕೆಲಸ ಮುಗಿದ ಮೇಲೆ ಅವರು ದೂರ ನಿಂತು, “ಈಗ ನೀವು ಮುಚ್ಚಿ ತೆಗೀರಿ. ಮನೆಯೋರ ಕೈಯಾಗೆ ಆಡಿದ ಮ್ಯಾಲೇನೇ ಕೆಲಸ ಮುಗಿದಂಗೆ,” ಎಂದರು. ಮುಚ್ಚಿ ತೆಗೆದೆ. ಕದ ಸದ್ದಿಲ್ಲದೆ ಬಂದು ಕೂತಿತು. ಎಲೆ ಅಡಿಕೆ ಕೊಟ್ಟು ಕಳಿಸಿದೆ. ಆ ಸೋಮವಾರ ಹಾಜರಿ ಕೂಗುವಾಗ ಮೊದಲ ಹೆಸರಿಗೇ ಗಂಟಲು ಸರಿಯಾಗಿತ್ತು.

ಎರಡನೇ ಸಲ ಕಿಟಕಿ ಕೆಟ್ಟಿದ್ದು ಮುಂದಿನ ಬೇಸಿಗೆಯಲ್ಲಿ. ಆಚಾರ್ರು ಚನ್ನಗಿರಿ ಕಡೆಯಿಂದ ತರಿಸಿದ ಮತ್ತಿ ಹಲಗೆ ಹಾಕಿದ್ದರು. ಒಳ್ಳೆಯ ಮರವೇ, ಆದರೆ ಪೂರ್ತಿ ಆರಿರಲಿಲ್ಲ. ಆ ಕಡೆಯ ನೀರು ಕುಡಿದ ಮರ ಜಗಳೂರಿನ ಬಿಸಿಲಿಗೆ ಕುಗ್ಗಿ, ನಡುವೆ ಸೀಳು ಬಿಟ್ಟು, ಪಟ್ಟಿ ಕೀಲಿನ ಸ್ಕ್ರೂಗಳು ಸಡಿಲವಾದವು. ಅವರೇ ಬಂದು ನೋಡಿ ನಾಲಿಗೆ ಕಚ್ಚಿಕೊಂಡರು. “ಆತುರ ಮಾಡಿದೆ ನೋಡ್ರಿ. ಆ ಕಡೆ ಮರ ಈ ಕಡೆಗೆ ಬಂದ್ರೆ ಒಂದು ವರ್ಷ ಸುಮ್ನೆ ಕುಂದ್ರಿಸಬೇಕಿತ್ತು.” ಸೀಳಿಗೆ ತೆಳ್ಳನೆಯ ಚಕ್ಕೆ ತುಂಬಿ, ಕೀಲು ಸರಿ ಮಾಡಿ, ಕೂಲಿ ಬೇಡವೆಂದು ಹೋದರು. ಆ ಕಡೆಯಿಂದ ಬಂದ ಇನ್ನೊಂದು ಮರವೂ ಅದೇ ಮನೆಯಲ್ಲಿ ಒಣಗುತ್ತಿದೆ ಎಂದು ಹೇಳಬೇಕೆನಿಸಿತು. ಬದಲಿಗೆ ಇನ್ನೊಂದು ಲೋಟ ಚಹಾ ಹಾಕಿದೆ.

ಇಲ್ಲಿಗೆ ಕಿಟಕಿಯ ತಪ್ಪು ಮುಗಿಯಿತು. ಮುಂದಿನದು ನನ್ನದು.

ಒಂದು ಶನಿವಾರ ಮಧ್ಯಾಹ್ನ ದೋಸೆ ಹಾಕಿಕೊಂಡು ತಿಂದು, ತೊಳೆದ ಸಟ್ಟುಗ ಕೈಯಲ್ಲಿ ಹಿಡಿದುಕೊಂಡೇ ಕಿಟಕಿಯ ಹತ್ತಿರ ನಿಂತಿದ್ದೆ. ಯಾಕೆ ನಿಂತಿದ್ದೆ ಎಂದು ಕೇಳಿದರೆ, ಕೂರುವುದಕ್ಕೆ ಬೇಸರವಾಗಿ. ದೋಸೆ ಮಗುಚುವ ಸಟ್ಟುಗದ ಮೂಲೆ ಸ್ಕ್ರೂವಿನ ಗೀರಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತದೆ ಎಂದು ಕಂಡುಹಿಡಿದವಳು ಈ ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ಒಂದು ಸುತ್ತು ತಿರುಗಿಸಿದೆ. ಇನ್ನೊಂದು ಸುತ್ತು. ಕದ ಸ್ವಲ್ಪ ವಾಲಿತು. ಆಮೇಲೆ ನೆಟ್ಟಗೆ ಹೊರಗೆ ಹೋಗಿ ಮನೆಯೊಡತಿಗೆ, “ಮತ್ತೆ ಸಡಿಲ ಆಗೈತ್ರಿ,” ಎಂದೆ. ನನ್ನ ಧ್ವನಿ ಎಷ್ಟು ಸಹಜವಾಗಿತ್ತೆಂದರೆ ನನಗೇ ಹೆದರಿಕೆಯಾಯಿತು.

ಭಾನುವಾರ ಆಚಾರ್ರು ಬಂದರು. ಸ್ಕ್ರೂ ತೂತಿಗೆ ಬೆಂಕಿಕಡ್ಡಿಯ ಚೂರು ತುಂಬಿ ಮತ್ತೆ ಬಿಗಿದರು. ಮಂಡಕ್ಕಿ ತಿಂದರು. ಸಂತೇಬೆನ್ನೂರಿಗೆ ಕೊಟ್ಟಿದ್ದ ಒಬ್ಬಳೇ ಮಗಳ ಸುದ್ದಿ ಹೇಳಿದರು. ಅವಳು ಹೊಸ ಮನೆ ಕಟ್ಟಿಸುತ್ತಿದ್ದಾಳೆ, ದಸರೆ ಕಳೆದ ಮೇಲೆ ಬಾಗಿಲು ನಿಲ್ಲಿಸುವುದು, ತಲೆಬಾಗಿಲು ತಮ್ಮ ಕೈಯಿಂದಲೇ ಆಗಬೇಕು ಎಂದರು. ಅದಕ್ಕೆ ಬೇಕಾದ ಹೊನ್ನೆ ಮರವನ್ನು ಎರಡು ವರ್ಷದಿಂದ ಅಟ್ಟದ ಮೇಲೆ ಆರಿಸಿಟ್ಟಿದ್ದರಂತೆ. “ಈ ಸಲ ಆತುರ ಇಲ್ರಿ,” ಎಂದು ನಕ್ಕರು. ನನ್ನ ಅವ್ವನ ಬಗ್ಗೆ ಕೇಳಿದರು. ಅವ್ವನ ಬಗ್ಗೆ ನನ್ನನ್ನು ಕೇಳಿದವರು ಆ ಊರಿನಲ್ಲಿ ಅವರೊಬ್ಬರೇ.

ಆಮೇಲೆ ಅದು ಚಟವಾಯಿತು. ಎರಡು ವಾರ ತಡೆದುಕೊಳ್ಳುತ್ತಿದ್ದೆ, ಮೂರನೇ ವಾರ ಸಟ್ಟುಗ ಕೈಗೆ ಬರುತ್ತಿತ್ತು. ಒಮ್ಮೆ ಮೇಲಿನ ಕೀಲು, ಒಮ್ಮೆ ಕೆಳಗಿನ ಕೀಲು, ಒಮ್ಮೆ ಚಿಲಕ. ಅವರಿಗೆ ಅನುಮಾನವೇ ಬರಲಿಲ್ಲ. ಅಕ್ಕೋರು ಸುಳ್ಳು ಹೇಳಿಯಾರೆಂದು ಜಗಳೂರಿನಲ್ಲಿ ಯಾರಿಗೂ ಹೊಳೆಯುವಂತಿರಲಿಲ್ಲ. ಶಾಲೆಯಲ್ಲಿ ಮಾತ್ರ ಯಾರಾದರೂ ‘ಸಡಿಲ’ ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಒಂದನ್ನು ನೋಡಿಯೂ ನೋಡದ ಹಾಗಿದ್ದೆ. ಆಚಾರ್ರ ಮಾತು ಕಡಿಮೆಯಾಗುತ್ತಿತ್ತು. ಶ್ರಾವಣದಲ್ಲಿ ಬಂದಾಗ ಒಂದು ಸ್ಕ್ರೂ ಬಿಗಿದು, ಮತ್ತೆ ಬಿಚ್ಚಿ, ಮತ್ತೆ ಬಿಗಿದರು. ಕೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. “ಬಿಗಿ ಆತು ಅಂತ ಕೈ ಹೇಳತೈತೆ, ಆದ್ರೆ ಆಗಿರಂಗಿಲ್ಲ,” ಎಂದು ತಮಗೇ ಹೇಳಿಕೊಂಡರು. ಭಾದ್ರಪದದಲ್ಲಿ ಬಂದಾಗ ಮಂಡಕ್ಕಿ ಮುಟ್ಟಲಿಲ್ಲ. ಮುಚ್ಚಿ ತೆಗೆಯಿರಿ ಎಂದೂ ಹೇಳಲಿಲ್ಲ. ಕಣ್ಣು ಮಂಜಾಗಿರಬೇಕು, ಮನೆಯಲ್ಲಿ ಏನೋ ಆಗಿರಬೇಕು ಎಂದು ನಾನು ನನಗೆ ಸಮಾಧಾನ ಹೇಳಿಕೊಂಡೆ. ಬೇಕಾದ್ದನ್ನು ನಂಬುವುದಕ್ಕೆ ಮನಸ್ಸಿಗೆ ಹೆಚ್ಚು ಹೊತ್ತು ಬೇಡ.

ದಸರೆಯಲ್ಲಿ ನ್ಯಾಮತಿಗೆ ಹೋಗಿ ಬಂದೆ. ಬಂದ ದಿನವೇ ಮನೆಯೊಡತಿ ಜಗಲಿಯ ಮೇಲಿಂದ ಸುದ್ದಿ ಹೇಳಿದಳು.

“ನಿಮ್ಮ ಕಿಟಕಿಗೆ ಇನ್ನ ಬ್ಯಾರೆ ಯಾರನ್ನಾರ ನೋಡಬೇಕ್ರಿ ಅಕ್ಕೋರೆ. ಆಚಾರ್ರು ಆಯುಧ ಪೂಜೆಗೆ ಇಟ್ಟ ಉಳಿ-ಬಾಚಿ ಎತ್ತಲೇ ಇಲ್ಲಂತೆ.”

ನವಮಿಯ ದಿನ ಬಡಗಿಗಳು ಆಯುಧಗಳನ್ನೆಲ್ಲ ತೊಳೆದು, ಕುಂಕುಮ ಹಚ್ಚಿ ಪೂಜೆಗೆ ಇಡುತ್ತಾರೆ. ಆಮೇಲೆ ಮುಟ್ಟುವ ಹಾಗಿಲ್ಲ. ದಶಮಿಯ ದಿನ ಕೈಮುಗಿದು ಎತ್ತಿಕೊಂಡು, ಶಾಸ್ತ್ರಕ್ಕಾದರೂ ಒಂದು ತುಂಡು ಮರ ಕೆತ್ತಬೇಕು. ಎತ್ತದಿದ್ದರೆ ಆ ಮನುಷ್ಯ ಕಸುಬು ಬಿಟ್ಟ ಎಂದೇ ಅರ್ಥ. ದಶಮಿ ಕಳೆದು ಐದು ದಿನವಾಗಿತ್ತು.

“ಯಾಕಂತೆ?” ಎಂದೆ.

“ಕೈ ಹೋತು ಅಂತಾರಂತೆ. ಒಂದು ಕಿಟಕಿ ಕದ ನಿಲ್ಲಸಾಕೆ ಬರಲ್ಲ, ನಾನು ಮಗಳ ಮನೆ ತಲೆಬಾಗಿಲು ನಿಲ್ಲಸ್ತೀನಾ ಅಂದ್ರಂತೆ. ಬ್ಯಾರೆ ಬಡಗಿನ ನೋಡ್ಕೋ ಅಂತ ಮಗಳಿಗೆ ಹೇಳಿ ಕಳ್ಸ್ಯಾರೆ. ಪಾಪ, ಆ ಹುಡುಗಿ ಅಳ್ತಾ ಕುಂತೈತಂತೆ.”

ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಹೇಳಬೇಕು. ಆದರೆ ಏನೆಂದು ಹೇಳುವುದು? ಮದುವೆಯಾಗದ ಹೆಣ್ಣೊಬ್ಬಳು ಗಂಡಸೊಬ್ಬ ಮನೆಗೆ ಬರಲಿ ಎಂದು ತನ್ನ ಕಿಟಕಿ ತಾನೇ ಕಿತ್ತಳು ಎಂದು? ಅವರು ನನ್ನ ಅಪ್ಪನ ವಯಸ್ಸಿನವರು ಎಂಬುದನ್ನು ಬಾಯಿಬಾಯಿಗೆ ಹೋಗುವ ಮಾತು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೇಳಿದರೆ ಊರಿನಲ್ಲಿ ನನ್ನ ಮಾನ ಹೋಗುತ್ತದೆ, ಹೇಳದಿದ್ದರೆ ಅವರ ಕೈ ಹೋಗುತ್ತದೆ. ಮೂರು ದಿನ ಶಾಲೆಗೆ ಹೋಗಿ ಬಂದೆ. ಪಾಠ ಏನು ಮಾಡಿದೆನೋ ದೇವರಿಗೆ ಗೊತ್ತು. ಬೇರೆ ಬಡಗಿ ಸಿಕ್ಕಿಬಿಟ್ಟರೆ ನಾನು ಹೇಳಿ ಪ್ರಯೋಜನವಿಲ್ಲ ಎಂದು ಮೂರೂ ದಿನ ಗೊತ್ತಿತ್ತು. ನಾಲ್ಕನೇ ದಿನ ಸಂಜೆ, ಶಾಲೆಯ ಚೀಲದಲ್ಲಿ ಸಟ್ಟುಗ ಹಾಕಿಕೊಂಡು ಆಚಾರ್ರ ಮನೆಗೆ ಹೋದೆ.

ಅವರು ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಮೊರ ಹಿಡಿದಿದ್ದರು. ಇಬ್ಬರೂ ಗಾಬರಿಯಿಂದ ಎದ್ದರು. ಅಕ್ಕೋರು ಯಾರ ಮನೆಗೂ ಹೋದವರಲ್ಲ. ಕೂರಲು ಚಾಪೆ ಹಾಸಿದರು. ನಾನು ಕೂರಲಿಲ್ಲ. ಕೂತರೆ ಮಾತು ಹೊರಡುವುದಿಲ್ಲ ಎಂದು ಗೊತ್ತಿತ್ತು.

“ಆಚಾರ್ರೆ, ಆ ಸ್ಕ್ರೂ ನಾನೇ ಬಿಚ್ಚತಿದ್ದೆ,” ಎಂದು ಸಟ್ಟುಗ ತೆಗೆದು ತೋರಿಸಿದೆ.

ಅವರು ಸಟ್ಟುಗ ನೋಡಿದರು, ನನ್ನನ್ನು ನೋಡಿದರು. “ಯಾಕ್ರೀ?”

“ನೀವು ಬರಲಿ ಅಂತ. ಮಾತಾಡಾಕೆ ಯಾರೂ ಇರಲಿಲ್ಲ.”

ಆಚಾರ್ರು ಸಟ್ಟುಗದ ಮೂಲೆಯನ್ನೇ ನೋಡುತ್ತಾ, “ಬ್ಯಾಸಿಗ್ಯಾಗೆ ಸೀಳು ಬಿಡ್ತಲ್ಲ, ಅದು?” ಎಂದರು.

“ಅದು ಮರ ಒಣಗಿ ಆಗಿದ್ದು.”

“ಹೂಂ. ಅದು ನನ್ನ ತಪ್ಪು. ಆಮ್ಯಾಲೆ ಮ್ಯಾಲಿನ ಕೀಲು?”

“ನಾನು.”

“ಕೆಳಗಿನ ಕೀಲು?”

“ನಾನು.”

“ಚಿಲಕ?”

“ಅದೂ ನಾನೇ.”

“ಶ್ರಾವಣದಾಗೆ?”

“ನಾನೇ ಆಚಾರ್ರೆ. ಎಲ್ಲ ನಾನೇ.”

ಒಂದೊಂದನ್ನೂ ಬಿಡದೆ ಕೇಳಿದರು. ನಾನು ಹಾಜರಿ ಹೇಳುವ ಹುಡುಗಿಯ ಹಾಗೆ ನಿಂತು ಹೇಳಿದೆ. ಕೊನೆಗೆ ಅವರು ಹುಣಸೆಹಣ್ಣು ಮೆತ್ತಿದ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡರು.

“ನನ್ನ ಕೈ ಕಿತ್ಕೊಂಡಿದ್ರಲ್ರೀ ಅಕ್ಕೋರೆ,” ಎಂದರು. ಗಟ್ಟಿಯಾಗಿ ಹೇಳಲಿಲ್ಲ. ಗಟ್ಟಿಯಾಗಿ ಬೈದಿದ್ದರೆ ನನಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಕೈ ತೊಳೆದುಕೊಂಡು ಒಳಗೆ ಹೋದರು. ದೇವರ ಮುಂದಿನಿಂದ ಬಾಚಿ ಎತ್ತಿಕೊಂಡು ಬಂದರು. ಕುಂಕುಮ ಒಣಗಿ ಕಪ್ಪಾಗಿತ್ತು. ಅಂಗಳದ ಮೂಲೆಯಲ್ಲಿದ್ದ ಸೌದೆಯೊಂದನ್ನು ನಿಲ್ಲಿಸಿ, ನನ್ನ ಕಡೆ ನೋಡದೆ, ಕೆತ್ತತೊಡಗಿದರು. ಚಕ್ಕೆಗಳು ತೆಳ್ಳಗೆ, ಒಂದೇ ಸಮ ಏಳುತ್ತಿದ್ದವು. ಸೌದೆಗೆ ಅಷ್ಟು ನಯ ಬೇಕಿರಲಿಲ್ಲ.

ಅವರ ಹೆಂಡತಿ ನನ್ನ ಜೊತೆ ಬಾಗಿಲವರೆಗೆ ಬಂದರು. “ಒಂದು ದಿನ ಇಲ್ಲಿ ಬಂದು ನನ್ನ ಹತ್ರ ಕುಂತಿದ್ರೆ ಆಗತಿರಲಿಲ್ವೇನವ್ವ?” ಎಂದರು. ಅಕ್ಕೋರು ಹೋಗಿ ಅವ್ವ ಆಗಿತ್ತು. ನಿಜ ಹೇಳಬೇಕೆಂದರೆ, ಯಾರದಾದರೂ ಜಗಲಿಗೆ ನಾನಾಗಿ ಹೋಗಿ ಕೂರಬಹುದು ಎಂದು ಎರಡು ವರ್ಷದಲ್ಲಿ ನನಗೆ ಹೊಳೆದಿರಲೇ ಇಲ್ಲ. ಅವರೇ ಕರೆಯಬೇಕು ಎಂದು ಕಾಯುತ್ತಿದ್ದೆ. ಒಂಟಿತನದ ಜೊತೆಗೆ ಬಿಗುಮಾನವೂ ನನ್ನ ಮನೆಯಲ್ಲಿ ಬಾಡಿಗೆಗಿತ್ತು.

ಆ ಭಾನುವಾರ ಆಚಾರ್ರು ಕರೆಯದೆ ಬಂದರು. ಚಹಾ ಬೇಡವೆಂದರು. ಮೇಲಿನ ಕದದ ಸ್ಕ್ರೂಗಳನ್ನೆಲ್ಲ ತೆಗೆದು ಚೀಲಕ್ಕೆ ಹಾಕಿಕೊಂಡರು. ಅವುಗಳ ಜಾಗದಲ್ಲಿ ಉದ್ದನೆಯ ಕಬ್ಬಿಣದ ಮೊಳೆ ಹೊಡೆದು, ಆಚೆ ಬಂದ ತುದಿಗಳನ್ನು ಬಗ್ಗಿಸಿ ಬಡಿದು ಮರದೊಳಗೆ ಕೂರಿಸಿದರು. ಇನ್ನು ಕದ ಒಡೆದರೆ ಉಂಟು, ಬಿಚ್ಚುವ ಮಾತಿಲ್ಲ. ಇದಿಷ್ಟನ್ನು ನಾನು ನಿರೀಕ್ಷಿಸಿದ್ದೆ. ಮಾಡಿದ್ದುಣ್ಣೋ ಮಹರಾಯ ಎಂದು ಗೋಡೆಗೆ ಒರಗಿ ನಿಂತಿದ್ದೆ.

ಆಮೇಲೆ ಅವರು ಕುಕ್ಕರಗಾಲಲ್ಲಿ ಕೂತು, ಕೆಳಗಿನ ಕದಗಳ ಮೇಲಿದ್ದ ಅಡ್ಡಪಟ್ಟಿಯ ಮೊಳೆಗಳನ್ನು ಒಂದೊಂದಾಗಿ ಕೀಳತೊಡಗಿದರು. ಸದ್ದಿಗೆ ಮನೆಯೊಡತಿ ಜಗಲಿಯಿಂದ ಓಡಿಬಂದಳು.

“ಅಯ್ಯೋ, ಅದನ್ಯಾಕೆ ತೆಗೀತೀರಿ ಆಚಾರ್ರೆ! ಅಕ್ಕೋರು ಒಬ್ರೇ ಇರೋದು.”

ಆಚಾರ್ರು ತಲೆ ಎತ್ತಲಿಲ್ಲ. “ಗಾಳಿ ಆಡದಿದ್ರೆ ಚೌಕಟ್ಟು ಕೊಳೀತೈತೆ ಕಣವ್ವ. ಆಮ್ಯಾಲೆ ಗೋಡೆನೇ ಒಡಿಬೇಕಾಗತೈತೆ. ದಿನಾ ಹಗಲು ಹೊತ್ತು ಕೆಳಗಿಂದು ತೆಗೆದಿಡಬೇಕು.”

ಗೋಡೆ ಒಡೆಯುವ ಮಾತು ಕೇಳಿ ಮನೆಯೊಡತಿ ತಣ್ಣಗಾದಳು. “ಹಂಗಾರೆ ತೆಗೆದಿಡ್ರಿ ಅಕ್ಕೋರೆ,” ಎಂದು ನನಗೇ ಬುದ್ಧಿ ಹೇಳಿದಳು. ಜಗಳೂರಿನಲ್ಲಿ ಮರ ಕೊಳೆಯುವುದಿಲ್ಲ ಎಂದು ನನಗೆ ಮೊದಲ ದಿನವೇ ಹೇಳಿದವರು ಆಚಾರ್ರು. ಮರದ ವಿಷಯದಲ್ಲಿ ಆ ಮನುಷ್ಯ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಳು ತಡೆಯಲಾಗದೆ ಒಲೆಯ ಹತ್ತಿರ ಹೋಗಿ ನಿಂತೆ. ತಿರುಗಿ ಬಂದಾಗ ಅವರು ಹೊರಟುಹೋಗಿದ್ದರು. ಕೆಳಗಿನ ಕದಗಳು ತೆರೆದಿದ್ದವು. ಬೀದಿ, ನನ್ನ ಮೊಣಕಾಲಿನ ಎತ್ತರದಲ್ಲಿ, ಬಿಸಿಲಿಗೆ ಬಿದ್ದುಕೊಂಡಿತ್ತು.

ಸಂತೇಬೆನ್ನೂರಿನ ತಲೆಬಾಗಿಲು ಅವರ ಕೈಯಿಂದಲೇ ನಿಂತಿತು. ನನ್ನ ಮಾತನ್ನು ಗಂಡ ಹೆಂಡಿರು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಾನು ಆ ಊರಿನಲ್ಲಿ ಇನ್ನೂ ಆರು ವರ್ಷ ಇರುವುದು ಆಗುತ್ತಿರಲಿಲ್ಲ. ಅವರ ಹೆಂಡತಿಯ ಹತ್ತಿರ ಹೋಗಿ ಕೂತು ಬರುವುದನ್ನು ಕಲಿತೆ. ಆಗ ಆಚಾರ್ರು ಏನಾದರೂ ಕೆಲಸ ಹಚ್ಚಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು. ಕಿಟಕಿಯ ಹತ್ತಿರ ಕೂತು ಅಕ್ಕಿ ಆರಿಸುವಾಗ ಕೊಡ ಹೊತ್ತು ಹೋಗುವವರು, “ಏನು ಸಾರ್ರಿ ಅಕ್ಕೋರೆ ಇವತ್ತು?” ಎನ್ನುತ್ತಿದ್ದರು. ಒಂಟಿತನ ಹೋಯಿತು ಎಂದು ಬರೆದರೆ ಮತ್ತೆ ಸುಳ್ಳಾಗುತ್ತದೆ. ಸಾರಿನ ಮಾತು ಸಾರಿನ ಮಾತೇ. ಅವ್ವ ಹೇಗಿದ್ದಾಳೆ ಎಂದು ಕೇಳುವವರು ಬೇರೆ.

ಎಂಬತ್ತರ ದಶಕದ ನಡುವೆ ಚನ್ನಗಿರಿಗೆ ವರ್ಗವಾಗಿ ಹೊರಟೆ. ಅಲ್ಲಿಯವರೆಗೂ ಆ ಕಿಟಕಿ ಒಮ್ಮೆಯೂ ಅಲುಗಲಿಲ್ಲ. ಯಾವ ಆಷಾಢದ ಗಾಳಿಗೂ ಒಂದು ಸದ್ದು ಮಾಡಲಿಲ್ಲ. ಆಚಾರ್ರು ನನ್ನ ಹೊಸ್ತಿಲು ಮತ್ತೆ ತುಳಿಯಲಿಲ್ಲ. ಆದರೆ ಭಾನುವಾರ ಆ ಬೀದಿಯಲ್ಲಿ ಕೆಲಸಕ್ಕೆ ಹೋಗುವಾಗ ನನ್ನ ಕಿಟಕಿಯ ಮುಂದೆ ನಿಂತು, ಬೆರಳಿನ ಗೆಣ್ಣಿನಿಂದ ಚೌಕಟ್ಟನ್ನು ಒಮ್ಮೆ ಕುಟ್ಟಿ, ಕಿವಿಗೊಡುತ್ತಿದ್ದರು. ಒಳಗಿನಿಂದ ನಾನು, “ಗಟ್ಟಿ ಐತ್ರಿ ಆಚಾರ್ರೆ,” ಎನ್ನುತ್ತಿದ್ದೆ. “ಹೂಂ,” ಎಂದು ಹೋಗುತ್ತಿದ್ದರು. ಅಷ್ಟು ಹೇಳುವುದಕ್ಕಾಗಿ ನಾನು ಬೆಳಿಗ್ಗೆಯೇ ಎದ್ದು, ತಲೆ ಬಾಚಿಕೊಂಡು, ಕೆಳಗಿನ ಕದ ತೆಗೆದು ಕೂತಿರುತ್ತಿದ್ದೆ.